ತಜ್ಞ ಪಶುವೈದ್ಯರ ಕ್ಲಿನಿಕ್‌ಗೆ ಕೇಸ್ ಬರುವ ದಾರಿ

ಬೆಂಗಳೂರಿನಲ್ಲಿ ಸಾಕುಪ್ರಾಣಿಗಳ ಕಣ್ಣಿಗೆಂದೇ ಒಂದು ಕ್ಲಿನಿಕ್ ಶುರುವಾಗಿದೆ ಎಂದುಕೊಳ್ಳಿ. ಅದನ್ನು ತೆರೆದವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಎಂ.ವಿ.ಎಸ್‌ಸಿ. ಮಾಡಿ, ಆಮೇಲೆ ಕಣ್ಣಿನ ಕೆಲಸದಲ್ಲಿ ಹೆಚ್ಚಿನ ತರಬೇತಿ ಪಡೆದವರು. ಮೈಕ್ರೋಸ್ಕೋಪು, ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರು, ಪೊರೆ ತೆಗೆಯುವ ಫೇಕೋ ಯಂತ್ರ ಎಲ್ಲವನ್ನೂ ಬ್ಯಾಂಕ್ ಸಾಲದಲ್ಲಿ ತಂದಿದ್ದಾರೆ. ಬೋರ್ಡು ಏರಿದ ಮೊದಲ ವಾರಗಳಲ್ಲಿ ಬಾಗಿಲು ತಳ್ಳಿಕೊಂಡು ಬರುವವರು ರೇಬೀಸ್ ಲಸಿಕೆ ಹಾಕಿಸುವವರು, ಉಗುರು ಕತ್ತರಿಸುತ್ತೀರಾ ಎಂದು ಕೇಳುವವರು, ಮೈತುಂಬ ಉಣ್ಣಿ ಹತ್ತಿದ ನಾಯಿಯನ್ನು ಎತ್ತಿಕೊಂಡವರು. ಕಣ್ಣಿನ ಕೇಸ್ ಮಾತ್ರ ಇಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಕೆಲಸ ಇನ್‌ಸ್ಟಾಗ್ರಾಮ್‌ಗೆ ದುಡ್ಡು ಸುರಿಯುವುದು. ನನ್ನ ಅಭಿಪ್ರಾಯದಲ್ಲಿ ಆ ದುಡ್ಡಿನ ಬಹುಭಾಗ ತಪ್ಪು ಜನರ ಮುಂದೆ ಖರ್ಚಾಗುತ್ತದೆ.

ಕಾರಣ ಸರಳವಾದ ಲೆಕ್ಕದಲ್ಲಿದೆ. ಸಾಮಾನ್ಯ ಪಶುವೈದ್ಯರಿಗೆ ಅಕ್ಕಪಕ್ಕದ ಎರಡು ಮೂರು ಬಡಾವಣೆ ಸಾಕು. ಪ್ರತಿ ನಾಯಿಗೂ ಲಸಿಕೆ ಬೇಕು, ಜಂತುಮಾತ್ರೆ ಬೇಕು, ಆಗಾಗ ವಾಂತಿಭೇದಿಯ ಔಷಧಿ ಬೇಕು. ಪೊರೆ ಶಸ್ತ್ರಚಿಕಿತ್ಸೆ ಬೇಕಾದ ನಾಯಿ ಅದೇ ಬಡಾವಣೆಗಳಲ್ಲಿ ವರ್ಷವಿಡೀ ಒಂದೂ ಸಿಗದೆ ಹೋಗಬಹುದು. ಹಾಗಾಗಿ ತಜ್ಞರ ಕ್ಲಿನಿಕ್ ಬದುಕಬೇಕಾದರೆ ಇಡೀ ನಗರದಿಂದ, ತುಮಕೂರು, ಕೋಲಾರ, ಮಂಡ್ಯದಿಂದ, ಹೊಸೂರಿನಿಂದಲೂ ಕೇಸ್ ಬರಬೇಕು. ಅಷ್ಟು ದೊಡ್ಡ ಪ್ರದೇಶದಲ್ಲಿ ನಾಯಿ ಸಾಕಿದ ಎಲ್ಲರನ್ನೂ ಜಾಹೀರಾತಿನಿಂದ ಮುಟ್ಟುವುದು ಆಗದ ಕೆಲಸ. ಮುಟ್ಟಿದರೂ ಇವತ್ತು ನಾಯಿಯ ಕಣ್ಣು ಚೆನ್ನಾಗಿರುವವರಿಗೆ ನಿಮ್ಮ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ. ಕಣ್ಣು ಕೆಟ್ಟ ದಿನ ಅವರು ಫೋನ್ ಮಾಡುವುದು ತಮ್ಮ ಮಾಮೂಲಿ ಡಾಕ್ಟರಿಗೆ. ಆ ಡಾಕ್ಟರು ಯಾರ ಹೆಸರು ಹೇಳುತ್ತಾರೋ ಅಲ್ಲಿಗೆ ಹೋಗುತ್ತಾರೆ. ಬೆಂಗಳೂರಿನ ಸುತ್ತಮುತ್ತ ಇಂಥ ಕೇಸ್ ಕಳಿಸಬಲ್ಲ ಪಶುವೈದ್ಯರ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಹಿಡಿಸುತ್ತದೆ. ಪ್ರಚಾರದ ಕೆಲಸ ಅಲ್ಲಿಂದ ಶುರುವಾಗಬೇಕು.

ಹೆಸರು, ಬೋರ್ಡು, ಕಾನೂನು

ಮೊದಲು ಕಾನೂನಿನ ವಿಷಯ, ಏಕೆಂದರೆ ಇದನ್ನು ನೋಡದೆ ಜಾಹೀರಾತು ಏಜೆನ್ಸಿಯ ಹುಡುಗರ ಕೈಗೆ ಕೆಲಸ ಕೊಟ್ಟವರು ಬಹಳ. ನಮ್ಮಲ್ಲಿ ಪಶುವೈದ್ಯ ವೃತ್ತಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಅಡಿ ಬರುತ್ತದೆ. ಅದರ ಕೆಳಗೆ 1992ರಲ್ಲಿ ವೃತ್ತಿನಡತೆ ಮತ್ತು ನೀತಿಸಂಹಿತೆಯ ನಿಯಮಾವಳಿ ಬಂತು. ಜಾಹೀರಾತಿನ ಮೂಲಕ ಕೆಲಸ ಕೇಳಿಕೊಂಡು ಹೋಗುವುದನ್ನು ಆ ನಿಯಮಾವಳಿ ಒಪ್ಪುವುದಿಲ್ಲ. ಸೋಪಿನ ಅಂಗಡಿಗೆ ಮಾಡುವ ಪ್ರಚಾರವನ್ನು ಇಲ್ಲಿಗೆ ಎತ್ತಿ ತರಲಾಗದು. ‘ಮೊದಲ ಹತ್ತು ಶಸ್ತ್ರಚಿಕಿತ್ಸೆಗೆ ಅರ್ಧ ಬೆಲೆ’ ಎಂಬ ಪೋಸ್ಟರು, ‘ನಗರದ ನಂಬರ್ ಒನ್’ ಎಂಬ ಫ್ಲೆಕ್ಸು ಏಜೆನ್ಸಿಗೆ ಮಾಮೂಲಿ ಕೆಲಸ. ನಿಮಗೆ ಅದು ಪರಿಷತ್ತಿನ ನೋಟಿಸು ಬರುವ ದಾರಿ. ನಿಯಮಾವಳಿಯನ್ನು ಪೂರ್ತಿ ಓದಿ, ಅನುಮಾನ ಬಂದಲ್ಲಿ ರಾಜ್ಯ ಪರಿಷತ್ತಿಗೆ ಪತ್ರ ಬರೆದು ಕೇಳಿ, ಆಮೇಲೆ ಏಜೆನ್ಸಿಯ ಜತೆ ಕೂತುಕೊಳ್ಳಿ.

ಇನ್ನೊಂದು ಕಾಯ್ದೆ ಹಲವರ ಕಣ್ಣಿಗೆ ಬೀಳುವುದೇ ಇಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಮನುಷ್ಯರಿಗಷ್ಟೇ ಎಂದು ಭಾವಿಸುವವರಿದ್ದಾರೆ. ಅದರಲ್ಲಿ ಔಷಧ ಎಂಬುದರ ವಿವರಣೆಯೊಳಗೇ ಪ್ರಾಣಿಗಳೂ ಸೇರಿವೆ. ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಕಣ್ಣಿನ ಪೊರೆ, ಗ್ಲಾಕೋಮಾ, ಮಧುಮೇಹ, ಕ್ಯಾನ್ಸರ್, ಮೂರ್ಛೆ, ಪಾರ್ಶ್ವವಾಯು ಎಲ್ಲ ಇವೆ. ಪೊರೆ ಕರಗಿಸುವ ಹನಿ ಎಂದು ಪೆಟ್ ಶಾಪಿನಲ್ಲಿ ಪೋಸ್ಟರು ಹಚ್ಚುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆ, ಅದರಡಿ 2022ರಲ್ಲಿ ಹೊರಟ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ ಕೂಡ ನಿಮ್ಮ ಮೇಲಿವೆ. ‘ನೂರಕ್ಕೆ ನೂರು ದೃಷ್ಟಿ ಗ್ಯಾರಂಟಿ’ ಎಂದು ಬರೆದರೆ ನಾಳೆ ಗ್ರಾಹಕರ ಆಯೋಗದಲ್ಲಿ ಅದೇ ಸಾಲನ್ನು ನಿಮ್ಮ ಮುಂದೆ ಓದುತ್ತಾರೆ.

ಬೋರ್ಡಿನ ಮೇಲೆ ಏನು ಬರೆಯಬೇಕು? ಅಮೆರಿಕದಲ್ಲಿ ಈ ವಿಷಯ ಕಟ್ಟುನಿಟ್ಟು. ಅಲ್ಲಿ ಪಶುವೈದ್ಯರ ಸಂಘ ಮಾನ್ಯ ಮಾಡಿದ ವಿಶೇಷ ವಿಭಾಗಗಳ ಮಂಡಳಿಗಳು 20ಕ್ಕೂ ಹೆಚ್ಚಿವೆ. ಅವುಗಳಲ್ಲೊಂದರ ರೆಸಿಡೆನ್ಸಿ ಮುಗಿಸಿ ಪರೀಕ್ಷೆ ಪಾಸಾದವರು ಮಾತ್ರ ತಮ್ಮನ್ನು ಸ್ಪೆಷಲಿಸ್ಟ್ ಎಂದು ಕರೆದುಕೊಳ್ಳಬೇಕು ಎನ್ನುವುದು ಅಲ್ಲಿನ ವೃತ್ತಿನೀತಿ. ನಮ್ಮಲ್ಲಿ ತಜ್ಞತೆಗೆ ಆಧಾರ ಎಂ.ವಿ.ಎಸ್‌ಸಿ., ಪಿಎಚ್‌.ಡಿ., ಆಮೇಲಿನ ತರಬೇತಿ ಮತ್ತು ಕೈಪಳಗಿದ ಅನುಭವ. ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುವುದು ಲೇಸು. ಯಾವ ವಿಷಯದಲ್ಲಿ ಪದವಿ, ಎಲ್ಲಿ ತರಬೇತಿ, ಈ ಕ್ಲಿನಿಕ್‌ನಲ್ಲಿ ಯಾವ ಯಾವ ಶಸ್ತ್ರಚಿಕಿತ್ಸೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬಷ್ಟು ಇದ್ದರೆ ಸಾಕು. ಎರಡು ವಾರದ ಕೋರ್ಸಿನ ಸರ್ಟಿಫಿಕೇಟನ್ನು ಫೆಲೋಷಿಪ್ ಎಂದು ಬರೆದರೆ ನಾಯಿಯ ಮನೆಯವರಿಗೆ ತಿಳಿಯದಿರಬಹುದು, ಕೇಸ್ ಕಳಿಸಬೇಕಾದ ಸಹವೈದ್ಯರಿಗೆ ಮೊದಲ ನೋಟಕ್ಕೇ ತಿಳಿಯುತ್ತದೆ.

ಕಳಿಸಿದವರಿಗೆ ಮರುದಿನದೊಳಗೆ ಪತ್ರ

ತಜ್ಞರ ಕ್ಲಿನಿಕ್‌ನ ಪ್ರಚಾರದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಒಂದು ಪುಟದ ಪತ್ರವನ್ನು. ಕೇಸ್ ಕಳಿಸಿದ ವೈದ್ಯರಿಗೆ ಅದೇ ದಿನ, ತಡವಾದರೆ ಮರುದಿನ ಮಧ್ಯಾಹ್ನದೊಳಗೆ ಅದು ಹೋಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಹೋದರೂ ನಡೆಯುತ್ತದೆ, ಆದರೆ ಪೂರ್ತಿ ಇರಬೇಕು. ಏನು ಕಂಡಿತು, ಏನು ಮಾಡಿದೆವು, ಯಾವ ಔಷಧ ಎಷ್ಟು ದಿನ, ಮುಂದಿನ ತಪಾಸಣೆ ಯಾವಾಗ, ಅದರಲ್ಲಿ ಯಾವುದು ಅವರ ಬಳಿ, ಯಾವುದು ನಮ್ಮ ಬಳಿ. ಕೊನೆಗೆ ಹಲವರು ಬಿಟ್ಟುಬಿಡುವ ಒಂದು ಭಾಗವಿದೆ. ಮನೆಯವರಿಗೆ ನಾವು ಏನೇನು ಹೇಳಿದ್ದೇವೆ, ಖರ್ಚು ಎಷ್ಟು ಎಂದು ತಿಳಿಸಿದ್ದೇವೆ, ದೃಷ್ಟಿ ಬರುವ ಭರವಸೆ ಎಷ್ಟು ಕೊಟ್ಟಿದ್ದೇವೆ ಎಂಬುದು.

ಅದು ಯಾಕೆ ಬೇಕೆಂದರೆ, ನಿಮ್ಮಲ್ಲಿಂದ ಹೊರಟ ಮನೆಯವರು ಮರುದಿನ ಬೆಳಿಗ್ಗೆ ತಮ್ಮ ಹಳೆಯ ಡಾಕ್ಟರಿಗೇ ಫೋನ್ ಮಾಡುತ್ತಾರೆ. ‘ಡಾಕ್ಟ್ರೇ, ಅವರು ಆಪರೇಷನ್ ಮಾಡಲೇಬೇಕು ಅಂತಾರೆ, ನೀವು ಏನಂತೀರಿ?’ ಎಂದು ಕೇಳುತ್ತಾರೆ. ಹತ್ತು ವರ್ಷದಿಂದ ಆ ನಾಯಿಯನ್ನು, ಆ ಮನೆಯ ಜೇಬನ್ನು, ಆ ಮನೆಯ ಅಜ್ಜಿಯ ಆತಂಕವನ್ನು ಬಲ್ಲವರು ಅವರು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ನಿಮ್ಮ ಪತ್ರವಿದ್ದರೆ ‘ಹೌದಮ್ಮ, ನಾನೂ ನೋಡಿದೆ, ಒತ್ತಡ ಬಹಳ ಇದೆ, ತಡ ಮಾಡಬೇಡಿ’ ಎನ್ನುತ್ತಾರೆ. ಪತ್ರವಿಲ್ಲದಿದ್ದರೆ ಏನು ಹೇಳುವುದೆಂದು ತೋಚದೆ ‘ನೋಡೋಣ, ಎರಡು ದಿನ ಬಿಟ್ಟು ಬನ್ನಿ’ ಎನ್ನುತ್ತಾರೆ. ಆ ಎರಡು ದಿನದಲ್ಲಿ ಕಣ್ಣು ಹೋಗಬಹುದು. ತಮ್ಮ ಕೇಸಿನ ಬಗ್ಗೆ ತಮಗೇ ಗೊತ್ತಿಲ್ಲದಂತಾದ ವೈದ್ಯರು ಮುಂದಿನ ಕೇಸನ್ನು ನಿಮ್ಮಲ್ಲಿಗೆ ಕಳಿಸುವುದಿಲ್ಲ. ಕಾರಣವನ್ನೂ ಹೇಳುವುದಿಲ್ಲ.

ಕೆಟ್ಟ ಸುದ್ದಿ ಇದ್ದರೆ ಪತ್ರ ಸಾಲದು, ಫೋನೇ ಮಾಡಬೇಕು. ಮೇಜಿನ ಮೇಲೆ ನಾಯಿ ಸತ್ತಿತು, ಶಸ್ತ್ರಚಿಕಿತ್ಸೆ ಸೋತಿತು ಎಂಬುದನ್ನು ಕಳಿಸಿದ ವೈದ್ಯರು ಮನೆಯವರ ಬಾಯಿಂದ ಮೊದಲು ಕೇಳುವಂತಾಗಬಾರದು.

ಬರುವ ದಾರಿಯೂ ಅಷ್ಟೇ ಸಲೀಸಾಗಿರಬೇಕು. ವೈದ್ಯರಿಗೆಂದೇ ಬೇರೆ ಫೋನ್ ನಂಬರು ಇಡಿ, ಸ್ವಾಗತಕಾರರ ನಂಬರಲ್ಲ. ‘ಸರ್, ಒಂದು ಪಗ್ ಇದೆ, ಕಣ್ಣು ಮುಚ್ಚಿಕೊಂಡೇ ಇದೆ, ಕಳಿಸ್ಲಾ?’ ಎಂದು ಕೇಳಿದರೆ ಆ ಕಡೆ ಉತ್ತರಿಸುವವರು ವೈದ್ಯರೇ ಆಗಿರಬೇಕು. ಶಸ್ತ್ರಚಿಕಿತ್ಸೆಯಲ್ಲಿದ್ದರೆ ಮುಗಿದ ಕೂಡಲೇ ತಿರುಗಿ ಕರೆ ಹೋಗಬೇಕು. ರೆಫರಲ್ ಫಾರಂ ಎಂದು ನಾಲ್ಕು ಪುಟ ಕೊಟ್ಟರೆ ಯಾರೂ ತುಂಬುವುದಿಲ್ಲ. ನಾಯಿಯ ಹೆಸರು, ವಯಸ್ಸು, ತೊಂದರೆ, ಈಗಾಗಲೇ ಕೊಟ್ಟ ಔಷಧ, ರಕ್ತಪರೀಕ್ಷೆಯ ಫೋಟೋ ಇಷ್ಟು ಸಾಕು. ಎಷ್ಟೋ ಸಲ ‘ಇದನ್ನು ಕಳಿಸುವುದು ಬೇಡ, ನೀವೇ ಹೀಗೆ ಮಾಡಿ, ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ಹೇಳಿ’ ಎನ್ನುವುದೇ ಸರಿಯಾದ ಉತ್ತರವಾಗಿರುತ್ತದೆ. ಅಂಥ ಫೋನ್‌ನಿಂದ ನಿಮಗೆ ಆ ದಿನ ಒಂದು ರೂಪಾಯಿಯೂ ಬರುವುದಿಲ್ಲ. ಆದರೆ ಬೇಕಿಲ್ಲದ ಕೇಸನ್ನು ಬೇಡ ಎಂದವರು ಬೇಕು ಎಂದಾಗ ಆ ಮಾತಿಗೆ ತೂಕ ಇರುತ್ತದೆ.

ಬಂದ ನಾಯಿಯನ್ನು ಹಿಂದಕ್ಕೆ ಕಳಿಸುವುದು

ಸಾಮಾನ್ಯ ಪಶುವೈದ್ಯರಿಗೆ ಒಂದು ನಿಜವಾದ ಭಯವಿದೆ. ಕಳಿಸಿದ ನಾಯಿ ಮತ್ತೆ ಬರುವುದಿಲ್ಲ ಎಂಬ ಭಯ. ಕಣ್ಣಿಗೆಂದು ಹೋದದ್ದು ಅಲ್ಲೇ ಲಸಿಕೆ ಹಾಕಿಸಿಕೊಂಡಿತು, ಅಲ್ಲೇ ಆಹಾರದ ಚೀಲ ಕೊಂಡಿತು, ಅಲ್ಲೇ ಹಲ್ಲು ಉಜ್ಜಿಸಿಕೊಂಡಿತು. ಈ ಭಯಕ್ಕೆ ಬಾಯಿಮಾತಿನ ಸಮಾಧಾನ ಕೆಲಸ ಮಾಡುವುದಿಲ್ಲ. ನಿಮ್ಮ ಕ್ಲಿನಿಕ್‌ನಲ್ಲಿ ಲಸಿಕೆಯ ಫ್ರಿಜ್ಜೇ ಇರದಿದ್ದರೆ, ಆಹಾರದ ರ‍್ಯಾಕೇ ಇರದಿದ್ದರೆ ಅದು ಕೆಲಸ ಮಾಡುತ್ತದೆ. ಕಣ್ಣಿನದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ಬಾಗಿಲಲ್ಲೇ ಬರೆದು, ಲಸಿಕೆಗೆ ಬಂದವರಿಗೆ ಹತ್ತಿರದ ಮೂವರು ವೈದ್ಯರ ಹೆಸರು ಕೊಟ್ಟು ಕಳಿಸಿ. ಮೊದಲ ವರ್ಷ ಇದು ಕಷ್ಟ, ಬಾಡಿಗೆ ಕಟ್ಟುವ ದಿನ ಇನ್ನೂ ಕಷ್ಟ. ಆದರೂ ಎರಡು ದೋಣಿಯಲ್ಲಿ ಕಾಲಿಟ್ಟ ಕ್ಲಿನಿಕ್‌ಗೆ ಅಕ್ಕಪಕ್ಕದವರು ಕೇಸ್ ಕಳಿಸುವುದಿಲ್ಲ, ಏಕೆಂದರೆ ಅವರಿಗೆ ಅದು ಪೈಪೋಟಿಯ ಅಂಗಡಿ.

ಸ್ವಾಗತದ ಮೇಜಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ನಿಮ್ಮ ಡಾಕ್ಟರು ಯಾರು?’ ಎಂಬುದು. ಉತ್ತರ ಕಂಪ್ಯೂಟರಿಗೆ ಹೋಗಬೇಕು, ಪತ್ರ ಆ ಹೆಸರಿಗೆ ಹೊರಡಬೇಕು. ಗೂಗಲ್ ನೋಡಿ ನೇರವಾಗಿ ಬಂದವರಿಗೂ ಇದೇ ಪ್ರಶ್ನೆ. ಯಾರೂ ಹೇಳಿ ಕಳಿಸಿಲ್ಲ ಎಂದರೆ ಅವರ ಒಪ್ಪಿಗೆ ಕೇಳಿ ಮನೆ ಹತ್ತಿರದ ವೈದ್ಯರಿಗೆ ಒಂದು ಪ್ರತಿ ಕಳಿಸಿ. ತಾವು ಕಳಿಸದ ಕೇಸಿನ ಬಗ್ಗೆಯೂ ಪತ್ರ ಬಂದಾಗ ಆ ವೈದ್ಯರು ನಿಮ್ಮ ಕ್ಲಿನಿಕ್ ಹೇಗೆ ನಡೆಯುತ್ತದೆ ಎಂದು ಮೊದಲ ಸಲ ಅರಿಯುತ್ತಾರೆ.

ಇನ್ನು ಕಮಿಷನ್ ವಿಷಯ. ಇದನ್ನು ಗುಸುಗುಸು ಮಾತಿಗೆ ಬಿಡದೆ ನೇರವಾಗಿ ಹೇಳಬೇಕು. ಕೇಸ್ ಕಳಿಸಿದ್ದಕ್ಕೆ ಇಂತಿಷ್ಟು ಎಂದು ಕೊಡುವುದು ವೃತ್ತಿನೀತಿಗೆ ವಿರುದ್ಧ. ಅದರಿಂದ ಆಗುವ ಹಾನಿ ನಾಯಿಯ ಮನೆಯವರ ಬಿಲ್ಲಿನಲ್ಲಿ ಸೇರಿಕೊಳ್ಳುತ್ತದೆ. ದುಡ್ಡಿಗೆ ಬಂದ ಕೇಸು ಇನ್ನೂ ಹೆಚ್ಚು ಕೊಡುವವರು ಸಿಕ್ಕ ದಿನ ಅತ್ತ ಹೋಗುತ್ತದೆ. ಇದಕ್ಕೆ ಬದಲಾಗಿ ಕಳಿಸಿದ ವೈದ್ಯರಿಗೆ ನ್ಯಾಯವಾದ ದುಡಿಮೆಯನ್ನು ಉಳಿಸಿಕೊಡಲು ಸಾಧ್ಯ. ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆ ಅವರಲ್ಲೇ ಆಗಲಿ, ಹೊಲಿಗೆ ಬಿಚ್ಚುವುದು ಅವರಲ್ಲೇ ಆಗಲಿ, ಟೋನೋಮೀಟರ್ ಇದ್ದರೆ ವಾರಕ್ಕೊಮ್ಮೆ ಒತ್ತಡ ನೋಡುವುದೂ ಅವರಲ್ಲೇ ಆಗಲಿ. ಮಾಡಿದ ಕೆಲಸಕ್ಕೆ ಅವರು ತಮ್ಮ ಶುಲ್ಕ ಪಡೆಯುತ್ತಾರೆ, ಮನೆಯವರಿಗೆ ಊರಿನ ಇನ್ನೊಂದು ಮೂಲೆಗೆ ಓಡಾಡುವುದು ತಪ್ಪುತ್ತದೆ.

ಕ್ಲಿನಿಕ್‌ನ ಎಲ್ಲ ಸಿಬ್ಬಂದಿಗೆ, ಕಾಂಪೌಂಡರಿನಿಂದ ಹಿಡಿದು, ಕಲಿಸಬೇಕಾದ ಇನ್ನೊಂದು ಪಾಠವಿದೆ. ಮನೆಯವರ ಮುಂದೆ ‘ಅಯ್ಯೋ, ಮೊದಲೇ ಬಂದಿದ್ದರೆ’ ಎನ್ನಬಾರದು. ‘ಈ ಡ್ರಾಪ್ಸ್ ಯಾರು ಕೊಟ್ಟರು?’ ಎಂದು ಹುಬ್ಬೇರಿಸಬಾರದು. ಕಾರ್ನಿಯಾದಲ್ಲಿ ಹುಣ್ಣಿರುವಾಗ ಸ್ಟೀರಾಯ್ಡ್ ಹನಿ ಹಾಕಿದರೆ ಕಣ್ಣು ತೂತಾಗುವ ಅಪಾಯವಿದೆ, ನಿಜ. ಅದನ್ನು ಹೇಳಬೇಕಾದದ್ದು ಆ ವೈದ್ಯರಿಗೇ, ಫೋನಿನಲ್ಲಿ, ಇಬ್ಬರೇ ಇದ್ದಾಗ. ‘ಸರ್, ಇಂಥದ್ದು ಬಂದಾಗ ಮೊದಲು ಫ್ಲೋರೆಸಿನ್ ಸ್ಟ್ರಿಪ್ ಹಚ್ಚಿ ನೋಡೋಣ, ಹಸಿರು ಹಿಡಿದರೆ ಸ್ಟೀರಾಯ್ಡ್ ಬೇಡ’ ಎಂದರೆ ಮುಂದಿನ ಹತ್ತು ನಾಯಿಗಳ ಕಣ್ಣು ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ.

ಕಲಿಸುವುದೇ ಪ್ರಚಾರ

ನಿಮ್ಮ ಬಗ್ಗೆ ಹೇಳಿಕೊಳ್ಳಲು ವೈದ್ಯರನ್ನು ಹೋಟೆಲಿಗೆ ಕರೆದು ಊಟ ಹಾಕಿದರೆ ಊಟ ಮಾಡಿ ಹೋಗುತ್ತಾರೆ. ನಾಳೆ ಬೆಳಿಗ್ಗೆ ತಮ್ಮ ಕ್ಲಿನಿಕ್‌ನಲ್ಲಿ ಉಪಯೋಗಿಸುವ ಒಂದು ಸಂಗತಿ ಕಲಿಸಿದರೆ ನೆನಪಿಡುತ್ತಾರೆ. ವಿಷಯ ಚಿಕ್ಕದಿರಲಿ, ಒಂದು ಗಂಟೆ ಸಾಕು. ‘ಕಣ್ಣು ಕೆಂಪಾದ ನಾಯಿ: ಯಾವುದನ್ನು ಇವತ್ತೇ ಕಳಿಸಬೇಕು?’ ಎಂಬ ಒಂದೇ ಪ್ರಶ್ನೆಯ ಮೇಲೆ ಪೂರ್ತಿ ಸಂಜೆ ಮಾತಾಡಬಹುದು. ನಾಯಿಯ ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 25 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಗ್ಲಾಕೋಮಾ ಒಮ್ಮೆಲೇ ಎರಗಿದಾಗ ಅದು ಇದರ ಎರಡು ಪಟ್ಟು ಏರಿ, ಒಂದೆರಡು ದಿನದಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಹೊರಗಿನಿಂದ ನೋಡಿದರೆ ಅದೂ ಕೆಂಪು ಕಣ್ಣು, ಸಾಮಾನ್ಯ ಸೋಂಕೂ ಕೆಂಪು ಕಣ್ಣು. ಪಾಪೆ ಹಿಗ್ಗಿದೆಯೇ, ಬೆಳಕಿಗೆ ಕುಗ್ಗುತ್ತದೆಯೇ, ಕಾರ್ನಿಯಾ ಮಂಜಾಗಿದೆಯೇ ಎಂದು ಟಾರ್ಚ್ ಹಿಡಿದು ಬೇರ್ಪಡಿಸುವುದನ್ನು ಕಲಿಸಿದರೆ ಆ ಸಂಜೆ ಸಾರ್ಥಕ.

ಇದೇ ಕೆಲಸವನ್ನು ಬೇರೆ ವಿಭಾಗದವರೂ ಮಾಡಬಲ್ಲರು. ಹೃದಯದ ತಜ್ಞರಿಗೆ ಒಳ್ಳೆಯ ಉದಾಹರಣೆ ಎಪಿಕ್ ಅಧ್ಯಯನ. 2016ರಲ್ಲಿ ಪ್ರಕಟವಾದ ಇದರಲ್ಲಿ 11 ದೇಶಗಳ 360 ನಾಯಿಗಳಿದ್ದವು. ಮೈಟ್ರಲ್ ಕವಾಟ ಸವೆದು, ಹೃದಯ ದೊಡ್ಡದಾಗಿ, ಆದರೆ ಇನ್ನೂ ಕೆಮ್ಮು ಏದುಸಿರು ಶುರುವಾಗದ ನಾಯಿಗಳು ಅವು. ಅವುಗಳಲ್ಲಿ ಪಿಮೋಬೆಂಡಾನ್ ಎಂಬ ಔಷಧ ಪಡೆದವಕ್ಕೆ ಹೃದಯ ವೈಫಲ್ಯ ಸುಮಾರು 15 ತಿಂಗಳಷ್ಟು ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ‘ಗೊರಗೊರ ಶಬ್ದವಿದೆ, ಲಕ್ಷಣವಿಲ್ಲ, ಕಾದು ನೋಡೋಣ’ ಎನ್ನುವುದು ರೂಢಿಯಾಗಿತ್ತು. ಹೃದಯ ದೊಡ್ಡದಾಗಿದೆಯೇ ಎಂದು ತಿಳಿಯಲು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಬೇಕು, ಆ ಯಂತ್ರ ತಜ್ಞರ ಬಳಿ ಇದೆ. ಸ್ಟೆಥೋಸ್ಕೋಪಿಗೆ ಜೋರಾಗಿ ಕೇಳುವ ಶಬ್ದವಿರುವ ವಯಸ್ಸಾದ ಚಿಕ್ಕ ನಾಯಿಯನ್ನು ಯಾವಾಗ ಎಕೋಗೆ ಕಳಿಸಬೇಕು ಎಂದು ಸಾಮಾನ್ಯ ವೈದ್ಯರಿಗೆ ವಿವರಿಸಿದರೆ, ನಿಮ್ಮ ಯಂತ್ರದ ಜಾಹೀರಾತು ಬೇರೆ ಬೇಕಿಲ್ಲ. ನರ ಮತ್ತು ಬೆನ್ನೆಲುಬಿನ ತಜ್ಞರಿಗೆ ಡ್ಯಾಷ್‌ಹೌಂಡ್ ಇದೆ. ಬೆನ್ನಿನ ಡಿಸ್ಕ್ ಜಾರಿ ಹಿಂಗಾಲು ಸೋತ ನಾಯಿಗೆ ಬೆರಳು ಗಟ್ಟಿಯಾಗಿ ಚಿವುಟಿದಾಗ ನೋವು ಗೊತ್ತಾಗುತ್ತಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ನಡೆಯುವ ಸಂಭವ ಬಹಳ. ಆ ಅರಿವು ಹೋದ ಮೇಲೆ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ‘ಎರಡು ದಿನ ಇಂಜೆಕ್ಷನ್ ಕೊಟ್ಟು ನೋಡಿ ಕಳಿಸೋಣ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಂಥ ನಾಲ್ಕೈದು ತುರ್ತುಗಳನ್ನು ಒಂದು ಪುಟದಲ್ಲಿ ಮುದ್ರಿಸಿ, ವೈದ್ಯರ ಮೇಜಿನ ಹಿಂದಿನ ಗೋಡೆಗೆ ಅಂಟಿಸುವಂತೆ ಕೊಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮ ನಂಬರು. ಕ್ಯಾಲೆಂಡರು, ಪೆನ್ನು, ಕಪ್ಪು ಕೊಡುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಕೇಸ್ ಎದುರಿಗೆ ನಿಂತಾಗಲೇ ಕಣ್ಣಿಗೆ ಬೀಳುವ ಕಾಗದ ಇದು. ಭೇಟಿಗೆ ಹೋಗುವಾಗ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ. ಸಂಜೆ ಆರರ ನಂತರ ಅವರ ಬಾಗಿಲಲ್ಲಿ ನಾಯಿಗಳ ಸಾಲು ಇರುತ್ತದೆ. ವರ್ಷಕ್ಕೊಮ್ಮೆ ನಿಮ್ಮ ಶಸ್ತ್ರಚಿಕಿತ್ಸಾ ಕೊಠಡಿಗೆ ಅವರನ್ನು ಕರೆದು ಒಂದು ಪೊರೆ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಲು ಬಿಡಿ. ಕಣ್ಣಾರೆ ಕಂಡವರು ಮನೆಯವರಿಗೆ ವಿವರಿಸುವ ಧಾಟಿಯೇ ಬೇರೆಯಾಗುತ್ತದೆ.

ಮನೆಯವರು ಹುಡುಕಿಕೊಂಡು ಬಂದಾಗ

ಮನೆಯವರನ್ನು ಮರೆತುಬಿಡಿ ಎಂದು ನಾನು ಹೇಳುತ್ತಿಲ್ಲ. ರೆಫರ್ ಆಗಿ ಬಂದವರೂ ಹೊರಡುವ ಮುಂಚೆ ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ತಪ್ಪು ಸಮಯ, ಕೆಲಸ ಮಾಡದ ನಂಬರು, ಹಳೆಯ ವಿಳಾಸ ಕಂಡರೆ ಅರ್ಧ ನಂಬಿಕೆ ಹೋಯಿತು. ಭಾನುವಾರ ತೆರೆದಿರುತ್ತದೆಯೇ, ಗಾಡಿ ನಿಲ್ಲಿಸಲು ಜಾಗವಿದೆಯೇ, ಲಿಫ್ಟ್‌ಗೆ 40 ಕೆ.ಜಿ.ಯ ಲ್ಯಾಬ್ರಡಾರ್ ಹಿಡಿಸುತ್ತದೆಯೇ ಎಂಬಂಥ ಮಾಹಿತಿ ನಿಮ್ಮ ಡಿಗ್ರಿಗಳಷ್ಟೇ ಮುಖ್ಯ.

ಜನ ಹುಡುಕುವುದು ರೋಗದ ಹೆಸರನ್ನಲ್ಲ, ಕಂಡ ಲಕ್ಷಣವನ್ನು. ‘ನಾಯಿ ಕಣ್ಣು ಬಿಳಿ ಆಗಿದೆ’, ‘ನಾಯಿ ಕಣ್ಣಿನ ಮೂಲೆಯಲ್ಲಿ ಕೆಂಪು ಗಡ್ಡೆ’ ಎಂದು ಟೈಪ್ ಮಾಡುತ್ತಾರೆ, ಅಥವಾ ಫೋನಿಗೆ ಹಾಗೆಯೇ ಹೇಳುತ್ತಾರೆ. ಅಂಥ ಒಂದೊಂದು ಲಕ್ಷಣಕ್ಕೂ ಒಂದು ಪುಟ ಬರೆಯಿರಿ, ಕನ್ನಡದಲ್ಲೂ ಬರೆಯಿರಿ. ಕನ್ನಡದಲ್ಲಿ ಇಂಥ ನಂಬಬಹುದಾದ ಬರಹ ಕಡಿಮೆ, ಬರೆದವರಿಗೆ ಓದುಗರು ಸಿಗುತ್ತಾರೆ. ಬರೆಯುವಾಗ ಎಲ್ಲ ದಾರಿಯೂ ನಿಮ್ಮ ಶಸ್ತ್ರಚಿಕಿತ್ಸೆಗೇ ಬಂದು ನಿಲ್ಲಬೇಕಿಲ್ಲ. ವಯಸ್ಸಾದ ನಾಯಿಯ ಕಣ್ಣು ನೀಲಿಬೂದು ಬಣ್ಣಕ್ಕೆ ತಿರುಗಿದರೆ ಅದು ಪೊರೆಯೇ ಆಗಬೇಕೆಂದಿಲ್ಲ. ಮಸೂರ ವಯಸ್ಸಿನಿಂದ ಗಟ್ಟಿಯಾದರೂ ಹಾಗೆ ಕಾಣುತ್ತದೆ, ದೃಷ್ಟಿಗೆ ದೊಡ್ಡ ತೊಂದರೆ ಇರುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಅದೇ ಮಧುಮೇಹವಿರುವ ನಾಯಿಯಾದರೆ ಪೊರೆ ಬೇಗ ಬರುತ್ತದೆ, ಬಹುಪಾಲು ನಾಯಿಗಳಿಗೆ ಬಂದೇ ಬರುತ್ತದೆ, ಕಾಯಬಾರದು. ಈ ಎರಡನ್ನೂ ಒಂದೇ ಪುಟದಲ್ಲಿ ಬಿಡಿಸಿ ಹೇಳಿದ ಕ್ಲಿನಿಕ್‌ನ ಮಾತನ್ನು ಓದಿದವರು ನಂಬುತ್ತಾರೆ.

ಫೋಟೋ, ವಿಡಿಯೋ ಹಾಕುವುದಾದರೆ ಮನೆಯವರ ಲಿಖಿತ ಒಪ್ಪಿಗೆ ಬೇಕು, ಅವರ ಮುಖ, ಹೆಸರು, ಮನೆಯ ಗುರುತು ಬೇಡ. ಅರಿವಳಿಕೆಯಲ್ಲಿ ಬಿದ್ದ ನಾಯಿಯ ರಕ್ತದ ಚಿತ್ರ ನೋಡಿ ಯಾರೂ ಧೈರ್ಯ ತಂದುಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆ ಆದ ಮರುದಿನದ ಸಂಭ್ರಮಕ್ಕಿಂತ ಮೂರು ತಿಂಗಳ ನಂತರ ಆ ನಾಯಿ ಮೆಟ್ಟಿಲು ಇಳಿಯುವ ಹತ್ತು ಸೆಕೆಂಡಿನ ವಿಡಿಯೋ ಹೆಚ್ಚು ಪ್ರಾಮಾಣಿಕ. ಗೂಗಲ್‌ನಲ್ಲಿ ಒಳ್ಳೆಯ ಮಾತು ಬರೆದರೆ ಬಿಲ್ಲಿನಲ್ಲಿ ಕಡಿತ ಎಂದು ಆಸೆ ತೋರಿಸುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ. ಯಾರಾದರೂ ಕೆಟ್ಟದಾಗಿ ಬರೆದಾಗ ಕೇಸಿನ ವಿವರ ಎತ್ತಿ ವಾದಿಸಬೇಡಿ. ‘ನಿಮಗೆ ನೋವಾಗಿದ್ದಕ್ಕೆ ವಿಷಾದವಿದೆ, ದಯವಿಟ್ಟು ಫೋನ್ ಮಾಡಿ, ಕೂತು ಮಾತಾಡೋಣ’ ಎಂಬ ಎರಡು ಸಾಲು ಸಾಕು. ಅದನ್ನು ಓದುವ ನೂರಾರು ಜನ ನಿಮ್ಮ ವಾದದ ಗೆಲುವನ್ನು ನೋಡುವುದಿಲ್ಲ, ನೀವು ನೊಂದವರ ಜತೆ ಹೇಗೆ ಮಾತಾಡುತ್ತೀರಿ ಎಂದು ನೋಡುತ್ತಾರೆ.

ದುಡ್ಡಿನ ಮಾತು ಮೊದಲ ಭೇಟಿಯಲ್ಲೇ ಆಗಿಹೋಗಲಿ. ತಜ್ಞರ ಚಿಕಿತ್ಸೆ ದುಬಾರಿ, ಸಾಕುಪ್ರಾಣಿಗೆ ವಿಮೆ ಮಾಡಿಸಿದವರು ನಮ್ಮಲ್ಲಿ ವಿರಳ, ಹೆಚ್ಚಿನವರು ಕೈಯಿಂದಲೇ ಕೊಡುತ್ತಾರೆ. ಅಂದಾಜು ಖರ್ಚನ್ನು ಕಾಗದದ ಮೇಲೆ ಬರೆದು ಕೊಡಿ. ಕಡಿಮೆ ಎಂದರೆ ಎಷ್ಟು, ಹೆಚ್ಚೆಂದರೆ ಎಷ್ಟು, ಅದರಲ್ಲಿ ಅರಿವಳಿಕೆ, ಲೆನ್ಸ್, ಔಷಧಿ, ಮರುತಪಾಸಣೆ ಸೇರಿದೆಯೇ ಎಂದು ಬಿಡಿಸಿ ಬರೆಯಿರಿ. ಕೇಸ್ ಕಳಿಸುವ ವೈದ್ಯರಿಗೂ ಈ ಅಂದಾಜು ಮುಂಚೆಯೇ ತಿಳಿದಿರಲಿ. ಬಿಲ್ಲು ನೋಡಿ ಬೆಚ್ಚಿದ ಮನೆಯವರು ಸಿಟ್ಟು ತೀರಿಸಿಕೊಳ್ಳುವುದು ನಿಮ್ಮ ಮೇಲಲ್ಲ, ‘ಅಲ್ಲಿಗೆ ಯಾಕೆ ಕಳಿಸಿದಿರಿ’ ಎಂದು ಅವರ ಮೇಲೆ. ಶಸ್ತ್ರಚಿಕಿತ್ಸೆಗೆ ಶಕ್ತಿಯಿಲ್ಲದವರಿಗೆ ಬೇರೆ ದಾರಿ ಏನಿದೆ ಎಂದೂ ಹೇಳಬೇಕು. ನೋವು ತಗ್ಗಿಸುವ ಔಷಧಿಯೇ, ಹೆಬ್ಬಾಳದ ಕಾಲೇಜು ಆಸ್ಪತ್ರೆಯೇ, ದೃಷ್ಟಿಯಿಲ್ಲದ ನಾಯಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆಯೇ ಎಂದು ಅವರಿಗೆ ನಾಚಿಕೆಯಾಗದಂತೆ ಕೂರಿಸಿ ವಿವರಿಸಬೇಕು.

ಬೆಂಗಳೂರಿನ ಆಚೆ

ತಜ್ಞರ ಚಿಕಿತ್ಸೆಗಾಗಿ ಜನ ದೂರದ ಊರಿಗೂ ಹೋಗುತ್ತಾರೆ. ಚೆನ್ನೈನ ವೇಪೇರಿಯಲ್ಲಿರುವ ಪಶುವೈದ್ಯಕೀಯ ಕಾಲೇಜಿಗೆ ಕರ್ನಾಟಕದಿಂದ ನಾಯಿ ಹೊತ್ತು ಹೋದವರಿದ್ದಾರೆ. ದೂರದಿಂದ ಬರುವವರಿಗೆ ಮೂರು ಸಲ ಓಡಾಡಿಸದೆ ಒಂದೇ ದಿನದಲ್ಲಿ ತಪಾಸಣೆ, ರಕ್ತಪರೀಕ್ಷೆ, ನಿರ್ಧಾರ ಮುಗಿಯುವಂತೆ ವ್ಯವಸ್ಥೆ ಮಾಡುವುದು, ಮುಂದಿನ ತಪಾಸಣೆಯನ್ನು ಅವರ ಊರಿನ ವೈದ್ಯರ ಜತೆ ವಿಡಿಯೋ ಕರೆಯಲ್ಲಿ ನೋಡುವುದು ದೊಡ್ಡ ಉಪಕಾರ. ಹುಬ್ಬಳ್ಳಿ, ಮೈಸೂರು, ಮಂಗಳೂರಿನಲ್ಲಿ ತಿಂಗಳಿಗೊಂದು ದಿನ ಅಲ್ಲಿನ ವೈದ್ಯರ ಕ್ಲಿನಿಕ್‌ನಲ್ಲೇ ಕೂರುವ ಕ್ರಮವೂ ಒಳ್ಳೆಯದು. ಎಕೋ, ಸ್ಕ್ಯಾನ್ ಯಂತ್ರ ಈಗ ಚೀಲದಲ್ಲಿ ಹಿಡಿಸುತ್ತವೆ. ಆದರೆ ದಿನಾಂಕ ತಪ್ಪಬಾರದು. ಒಮ್ಮೆ ಬರುತ್ತೇನೆಂದು ಬಾರದಿದ್ದರೆ, ಆ ದಿನಕ್ಕೆ ಹತ್ತು ಮನೆಯವರನ್ನು ಕರೆಸಿದ್ದ ಸ್ಥಳೀಯ ವೈದ್ಯರ ಮುಖ ಕೆಡುತ್ತದೆ.

ಹಸು ಎಮ್ಮೆಗಳ ಗರ್ಭಧಾರಣೆ, ಕೆಚ್ಚಲಿನ ರೋಗದ ತಜ್ಞರಿಗೆ ಈ ನಗರದ ಲೆಕ್ಕ ಹೊಂದುವುದಿಲ್ಲ. ಅವರ ಬಾಗಿಲು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ ಮತ್ತು ಸರ್ಕಾರಿ ಪಶು ಆಸ್ಪತ್ರೆ. ರೈತರು ಮೊದಲು ಕರೆಯುವುದು ಊರಿನ ವೈದ್ಯರನ್ನು ಅಥವಾ ಸಂಚಾರಿ ಪಶು ಚಿಕಿತ್ಸಾ ಗಾಡಿಯ 1962 ನಂಬರನ್ನು. ಆ ವೈದ್ಯರ ಕೈಮೀರಿದ ಕೇಸು ನಿಮಗೆ ಬರಬೇಕಾದರೆ ಹಾಲು ಹಾಕುವ ಹೊತ್ತಿನಲ್ಲಿ ಡೈರಿಯ ಮುಂದೆ ನಿಂತು ಕೆಚ್ಚಲು ಬಾವು ಪರೀಕ್ಷೆ ಮಾಡಿ ತೋರಿಸುವುದೇ ದಾರಿ.

ಪಟ್ಟಿಯನ್ನು ನೋಡುತ್ತಿರುವುದು

ಯಾವ ಪ್ರಚಾರ ಫಲಿಸಿತು ಎಂದು ತಿಳಿಯಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಶೀಟಿನಲ್ಲಿ ನಾಲ್ಕು ಕಾಲಂ ಮಾಡಿ. ಕಳಿಸಿದ ವೈದ್ಯರ ಹೆಸರು, ಬಂದ ದಿನ, ತೊಂದರೆ, ಪತ್ರ ಹೋದ ದಿನ. ತಿಂಗಳ ಕೊನೆಗೆ ಅರ್ಧ ಗಂಟೆ ಕೂತು ನೋಡಿದರೆ ಬಹಳ ಗೊತ್ತಾಗುತ್ತದೆ. ಬಂದ ದಿನಕ್ಕೂ ಪತ್ರ ಹೋದ ದಿನಕ್ಕೂ ನಡುವೆ ಮೂರು ನಾಲ್ಕು ದಿನ ಬೀಳುತ್ತಿದ್ದರೆ ಜಾಹೀರಾತಿನ ಖರ್ಚು ನಿಲ್ಲಿಸಿ, ಪತ್ರ ಟೈಪ್ ಮಾಡಲು ಒಬ್ಬರನ್ನು ನೇಮಿಸಿಕೊಳ್ಳಿ. ಒಂದು ಭಾಗದಿಂದ, ಉದಾಹರಣೆಗೆ ಕೆಂಗೇರಿ ಕಡೆಯಿಂದ, ಒಂದೂ ಕೇಸ್ ಇಲ್ಲವೆಂದರೆ ಅಲ್ಲಿನ ವೈದ್ಯರನ್ನು ನೀವು ಭೇಟಿಯೇ ಆಗಿಲ್ಲ ಎಂದರ್ಥ.

ಹೊಸದಾಗಿ ಕಳಿಸಿದವರಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಮೊದಲು ಕಳಿಸುತ್ತಿದ್ದು ಈಗ ನಿಲ್ಲಿಸಿದವರ ಹೆಸರಿಗೆ. ಮೂರು ತಿಂಗಳಿಂದ ಆ ಹೆಸರು ಶೀಟಿನಲ್ಲಿ ಕಾಣದಿದ್ದರೆ ಅವರು ಕಳಿಸಿದ ಕೊನೆಯ ಕೇಸನ್ನು ತೆಗೆದು ಓದಿ, ಆಮೇಲೆ ನೀವೇ ಫೋನ್ ಮಾಡಿ. ಕೇಸ್ ಕೇಳುವುದು ಬೇಡ. ‘ಸರ್, ಆ ಪೊಮೆರೇನಿಯನ್ ಈಗ ಹೇಗಿದೆ? ಮನೆಯವರು ಸಮಾಧಾನವಾಗಿದ್ದಾರಾ?’ ಎಂದು ಕೇಳಿ. ಬಿಲ್ಲು ಜಾಸ್ತಿಯಾಯಿತು, ಫೋನ್ ಎತ್ತಲಿಲ್ಲ, ನಿಮ್ಮ ಹುಡುಗ ಏನೋ ಅಂದ ಎಂದು ಏನಾದರೂ ಹೊರಬಂದರೆ ಮಧ್ಯೆ ಬಾಯಿ ಹಾಕದೆ ಕೇಳಿ, ಬರೆದುಕೊಳ್ಳಿ, ಸರಿಪಡಿಸಿದ ಮೇಲೆ ಇನ್ನೊಮ್ಮೆ ಫೋನ್ ಮಾಡಿ ಸರಿಪಡಿಸಿದ್ದನ್ನು ತಿಳಿಸಿ.